ಶಾಲು, ಫಲತಾಂಬೂಲ ಮತ್ತು ಒಂದು ಝೆರಾಕ್ಸ್ ಹಾಳೆ



“ಆರೋಗ್ಯದ ಬಗ್ಗೆ ಒಂದು ಲೇಖನ ಕೊಡಿ ಡಾಕ್ಟ್ರೇ” ಎಂದು ಸಂಪಾದಕರು ಕೇಳಿದ್ದರು. ಬಿ.ಪಿ., ಶುಗರ್ ವಿಷಯವನ್ನು ನಿಮ್ಮ ನಿಮ್ಮ ಡಾಕ್ಟರುಗಳೇ ಬೇಕಾದಷ್ಟು ಹೇಳಿ ಬೇಸರ ಹಿಡಿಸಿರುತ್ತಾರೆ. ಅದರ ಬದಲು ನಮ್ಮ ಕನ್ನಡ ಕೂಟಗಳಿಗೆ ಬಹಳ ವರ್ಷಗಳಿಂದ ಅಂಟಿಕೊಂಡಿರುವ ಒಂದು ಅಭ್ಯಾಸವನ್ನು ತಪಾಸಣೆಗೆ ತೆಗೆದುಕೊಂಡಿದ್ದೇನೆ. ಊರಿನಿಂದ ಸಾಹಿತಿಗಳನ್ನು, ವಿದ್ವಾಂಸರನ್ನು ಕರೆಸುತ್ತೇವಲ್ಲ, ಅದು. ಕರೆಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಕರೆಸಿದ ಮೇಲೆ ಅವರಿಂದ ನಾವು ಪಡೆಯುತ್ತಿರುವುದೇನು ಎಂಬುದಷ್ಟೇ ಪ್ರಶ್ನೆ. ಹೋಲಿಸಿ ನೋಡಲು ದೂರ ಹೋಗಬೇಕಾಗಿಲ್ಲ. ಇಲ್ಲೇ ಆನ್ ಆರ್ಬರಿನಲ್ಲಿ ನಮ್ಮ ನೆರೆಹೊರೆಯವರೂ ಆಸ್ಪತ್ರೆಯ ಸಹೋದ್ಯೋಗಿಗಳೂ ಆಗಿರುವ ಯಹೂದಿಗಳು ಇದೇ ಕೆಲಸವನ್ನು ಬೇರೆಯೇ ರೀತಿಯಲ್ಲಿ ಮಾಡುತ್ತಾರೆ.

ಅವರ ಸಿನಗಾಗುಗಳಲ್ಲಿ “ಸ್ಕಾಲರ್ ಇನ್ ರೆಸಿಡೆನ್ಸ್” ಎಂಬ ಒಂದು ಪದ್ಧತಿಯಿದೆ. ಹೊರ ಊರಿನ ವಿದ್ವಾಂಸರೊಬ್ಬರು ಶುಕ್ರವಾರ ಸಂಜೆ ಬಂದಿಳಿದು ಭಾನುವಾರ ಮಧ್ಯಾಹ್ನದವರೆಗೆ ಇರುತ್ತಾರೆ. (ಮೂರು ವರ್ಷ ನಿದ್ದೆಗೆಟ್ಟು ರೆಸಿಡೆನ್ಸಿ ಮುಗಿಸಿದ ನನಗೆ ಎರಡು ದಿನದ ಈ ‘ರೆಸಿಡೆನ್ಸ್’ ಎಂಬ ಹೆಸರು ಕೇಳಿ ಮೊದಲು ನಗು ಬಂದಿತ್ತು.) ಶುಕ್ರವಾರ ರಾತ್ರಿ ಊಟವಾದ ಮೇಲೆ ಒಂದು ಮಾತು, ಶನಿವಾರ ಬೆಳಿಗ್ಗೆ ಪ್ರಾರ್ಥನೆಯ ನಡುವೆ ಒಂದು, ಮಧ್ಯಾಹ್ನ ಊಟದ ನಂತರ ಒಂದು ಪಾಠ, ಭಾನುವಾರ ಬೆಳಿಗ್ಗೆ ಬೇಗಲ್, ಕಾಫಿಯ ಜೊತೆ ಇನ್ನೊಂದು. ವಿಷಯ ಒಂದೇ, ನಾಲ್ಕು ಸಲಕ್ಕೂ ಮುಂದುವರಿಯುತ್ತದೆ.

ನನ್ನ ಸಹೋದ್ಯೋಗಿಯೊಬ್ಬರು ಒಮ್ಮೆ ಶನಿವಾರ ಮಧ್ಯಾಹ್ನದ ಪಾಠಕ್ಕೆ ಕರೆದುಕೊಂಡು ಹೋಗಿದ್ದರು. ಉದ್ದನೆಯ ಮೇಜುಗಳ ಸುತ್ತ ಮೂವತ್ತು ಜನರಿದ್ದರೇನೋ. ಪ್ರತಿಯೊಬ್ಬರ ಮುಂದೆಯೂ ಒಂದು ಝೆರಾಕ್ಸ್ ಹಾಳೆ, ಬಲಕ್ಕೆ ಹೀಬ್ರೂ, ಎಡಕ್ಕೆ ಇಂಗ್ಲಿಷ್. ಯಾರ ಕೈಯಲ್ಲೂ ಪೆನ್ನಿರಲಿಲ್ಲ. ಶಬ್ಬಾತಿನ ದಿನ ಸಂಪ್ರದಾಯಸ್ಥರು ಬರೆಯುವಂತಿಲ್ಲ, ಆದ್ದರಿಂದ ಹಾಳೆಗಳನ್ನು ಶುಕ್ರವಾರವೇ ತೆಗೆಸಿಟ್ಟಿದ್ದರು. ಅಂದಿನ ಭಾಗ, ಸೊದೋಮ್ ಪಟ್ಟಣವನ್ನು ಉಳಿಸಬೇಕೆಂದು ಅಬ್ರಹಾಮನು ದೇವರ ಜೊತೆ ಚೌಕಾಸಿ ಮಾಡುವ ಕಥೆ. ಐವತ್ತು ಮಂದಿ ಸಜ್ಜನರಿದ್ದರೆ ಊರನ್ನು ಬಿಡುತ್ತೀಯಾ ಎಂದು ಶುರು ಮಾಡಿ, ನಮ್ಮ ಕೆ.ಆರ್. ಮಾರ್ಕೆಟ್ಟಿನ ಗಿರಾಕಿಯ ಹಾಗೆ ಇಳಿಸುತ್ತಾ ಇಳಿಸುತ್ತಾ ಹತ್ತಕ್ಕೆ ತಂದು ನಿಲ್ಲಿಸುತ್ತಾನೆ. ವಿದ್ವಾಂಸರು ಐದು ನಿಮಿಷ ಪೀಠಿಕೆ ಹಾಕಿ, “ಇಬ್ಬಿಬ್ಬರಾಗಿ ಓದಿಕೊಳ್ಳಿ” ಎಂದು ಕುಳಿತುಬಿಟ್ಟರು! ಇಪ್ಪತ್ತು ನಿಮಿಷ ಆ ಕೋಣೆಯಲ್ಲಿ ಸಂತೆಯ ಗಲಾಟೆ. ಹೀಗೆ ಜೋಡಿಯಾಗಿ ಓದುವುದಕ್ಕೆ ಅವರಲ್ಲಿ ಹವ್ರೂತಾ ಎನ್ನುತ್ತಾರೆ, ಬಹಳ ಹಳೆಯ ಕ್ರಮ. ಆಮೇಲೆ ನಿವೃತ್ತ ದಂತವೈದ್ಯರೊಬ್ಬರು ಎದ್ದು, “ಹತ್ತಕ್ಕೇ ಏಕೆ ನಿಲ್ಲಿಸಿದ? ಒಂದಕ್ಕೆ ಇಳಿಸಬಹುದಿತ್ತಲ್ಲ? ನೀವು ನಿನ್ನೆ ರಾತ್ರಿ ಹೇಳಿದ್ದು ಸರಿಯಿಲ್ಲ” ಎಂದರು. ನನಗೆ ಕಸಿವಿಸಿ. ಮುಖ್ಯ ಅತಿಥಿಗೆ ಹೀಗೆ ಹೇಳುವುದೇ! ವಿದ್ವಾಂಸರು ಮಾತ್ರ ಖುಷಿಯಿಂದ, “ಹಾಗಾದರೆ ಹಾಳೆಯಲ್ಲಿ ತೋರಿಸಿ, ಯಾವ ಸಾಲು?” ಎಂದರು. ಮುಂದಿನ ಅರ್ಧ ಗಂಟೆ ಎಲ್ಲರ ಕಣ್ಣೂ ಹಾಳೆಯ ಮೇಲೆ.

ಇದರಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಆ ವಿದ್ವಾಂಸರು ಅಂಥ ಅಮೋಘ ಭಾಷಣಕಾರರೇನೂ ಆಗಿರಲಿಲ್ಲ. ಕೇಳುವವರು ತಯಾರಾಗಿದ್ದರು, ಅಷ್ಟೆ. ವೈದ್ಯ ಮಿತ್ರರಿಗೆ ಇದು ತಕ್ಷಣ ಅರ್ಥವಾಗುತ್ತದೆ. ರೆಸಿಡೆನ್ಸಿಯಲ್ಲಿ ವಿಸಿಟಿಂಗ್ ಪ್ರೊಫೆಸರ್ ಬರುತ್ತಾರೆಂದರೆ ಹಿಂದಿನ ರಾತ್ರಿ ಕೇಸ್ ಮಂಡಿಸುವ ರೆಸಿಡೆಂಟಿಗೆ ನಿದ್ದೆಯಿಲ್ಲ. ಪ್ರೊಫೆಸರ್ ಬಂದು ಹೋಗುವುದು ಒಂದು ಗಂಟೆ. ಕಲಿತದ್ದೆಲ್ಲ ಹಿಂದಿನ ರಾತ್ರಿ ಮತ್ತು ಪ್ರತಿ ವಾರದ ಜರ್ನಲ್ ಕ್ಲಬ್ಬಿನಲ್ಲಿ. ವಾರದ ಓದು ಇಲ್ಲದ ಕಡೆ ಎಂಥ ದೊಡ್ಡ ಪ್ರೊಫೆಸರ್ ಬಂದರೂ ಸ್ಯಾಂಡ್‌ವಿಚ್ ತಿಂದು ಎದ್ದು ಹೋಗುತ್ತೇವೆ.

ಯಹೂದಿಗಳಲ್ಲಿ ಈ ವಾರದ ಓದು ತಾನಾಗಿಯೇ ಉಳಿದು ಬಂದದ್ದು ಎಂದು ನಾನು ತಿಳಿದಿದ್ದೆ. ಸಾವಿರಾರು ವರ್ಷದ ಪರಂಪರೆ, ಅವರಿಗೆ ರಕ್ತದಲ್ಲೇ ಇದೆ ಎಂದು ನಾವೆಲ್ಲ ಸುಲಭವಾಗಿ ಹೇಳಿಬಿಡುತ್ತೇವೆ. ಹಾಗೇನೂ ಇಲ್ಲ. ಕಳೆದ ನೂರು ವರ್ಷಗಳಲ್ಲಿ, ಮರೆತು ಹೋಗುತ್ತಿದೆ ಎಂಬ ಭಯದಿಂದಲೇ, ಕೆಲವರು ಕುಳಿತು ಯೋಚಿಸಿ ಕಟ್ಟಿದ ವ್ಯವಸ್ಥೆಗಳು ಇವು. ಪ್ರತಿದಿನ ತಾಲ್ಮುಡಿನ ಒಂದು ಹಾಳೆ ಓದುವ ‘ದಾಫ್ ಯೋಮಿ’ಯನ್ನೇ ನೋಡಿ. ರಬ್ಬಿ ಮೇಯರ್ ಶಪೀರೋ ಅದನ್ನು ಸೂಚಿಸಿದ್ದು 1923ರಲ್ಲಿ. ಒಟ್ಟು 2,711 ಹಾಳೆ, ಮುಗಿಸಲು ಏಳೂವರೆ ವರ್ಷ. ಹದಿನಾಲ್ಕನೆಯ ಸುತ್ತು 2020ರ ಜನವರಿಯಲ್ಲಿ ಶುರುವಾಯಿತು.

ನನಗೆ ಅದಕ್ಕಿಂತ ಹತ್ತಿರದವನೆನಿಸುವುದು ಫ್ರಾಂಜ್ ರೋಸೆನ್‌ಜ್ವೈಗ್. ಜರ್ಮನಿಯ ಅನುಕೂಲಸ್ಥ ಮನೆಯ ಹುಡುಗ, ದೊಡ್ಡ ಓದು, ತನ್ನ ಧರ್ಮದ ಬಗ್ಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೆ. 1913ರಲ್ಲಿ ಕ್ರೈಸ್ತ ಧರ್ಮಕ್ಕೆ ಸೇರುವ ಅಂಚಿಗೆ ಹೋಗಿ ಹಿಂದಿರುಗಿದ. 1920ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ವಯಸ್ಕರಿಗಾಗಿ ‘ಲೇರ್‌ಹೌಸ್’ ಎಂಬ ಕಲಿಕೆಯ ಮನೆಯನ್ನು ನಡೆಸತೊಡಗಿದ. ಅವನ ವಾದ ಸರಳ. ಹಿಂದಿನವರು ಗ್ರಂಥದಿಂದ ಬದುಕಿನ ಕಡೆಗೆ ಬರುತ್ತಿದ್ದರು, ನಾವು ಗ್ರಂಥದಿಂದ ದೂರ ಹೋದವರು, ಆದ್ದರಿಂದ ನಮ್ಮ ಕಲಿಕೆ ನಮ್ಮ ಬದುಕಿನಿಂದ ಹೊರಟು ಗ್ರಂಥಕ್ಕೆ ಮರಳಬೇಕು. ಹಾಗಾಗಿ ಪಾಠ ಹೇಳಲು ಪಂಡಿತರನ್ನೇ ಹುಡುಕಲಿಲ್ಲ. ಮಾರ್ಟಿನ್ ಬೂಬರ್ ಅಂಥ ದೊಡ್ಡವರ ಪಕ್ಕದಲ್ಲೇ ಎಡ್ವರ್ಡ್ ಸ್ಟ್ರೌಸ್ ಎಂಬ ರಸಾಯನಶಾಸ್ತ್ರಜ್ಞ ಬೈಬಲ್ ಪಾಠ ಮಾಡುತ್ತಿದ್ದ. ರಿಚರ್ಡ್ ಕೋಖ್ ಎಂಬ ವೈದ್ಯನೂ ಅಲ್ಲಿ ಕಲಿಸುತ್ತಿದ್ದ. ರೋಸೆನ್‌ಜ್ವೈಗನಿಗೆ ಎ.ಎಲ್.ಎಸ್. ಬಂದಾಗ ಅವನನ್ನು ನೋಡಿಕೊಂಡವನೂ ಈ ಕೋಖನೇ. 1922ರಲ್ಲಿ ರೋಗ ನಿರ್ಧಾರವಾದ ಮೇಲೆ ಕೈ ಹೋಯಿತು, ಮಾತು ಹೋಯಿತು, ಆದರೂ ಬೂಬರ್ ಜೊತೆ ಬೈಬಲ್ಲಿನ ಅನುವಾದ ನಡೆದೇ ಇತ್ತು. ತೀರಿಕೊಂಡಿದ್ದು 1929ರಲ್ಲಿ. ಈ ರೋಗದವರನ್ನು ನಾನೂ ನೋಡಿದ್ದೇನೆ. ಏಳು ವರ್ಷ ಎಂದರೇನೆಂದು ಗೊತ್ತು.

ಎರಡನೆಯವರು ನಮಗೆ ಇನ್ನೂ ಹತ್ತಿರ, ಇಲ್ಲಿಂದ ಮೂರು ಗಂಟೆ ಡ್ರೈವಿನ ಕೊಲಂಬಸ್ ಊರಿನವರು. ಫ್ಲಾರೆನ್ಸ್ ಮೆಲ್ಟನ್. ಮನೆಯೊಳಗೆ ಹಾಕಿಕೊಳ್ಳುವ ಮೆತ್ತನೆಯ ಫೋಮ್ ಚಪ್ಪಲಿಯನ್ನು ರೂಪಿಸಿ ಕಂಪನಿ ಕಟ್ಟಿದವರು. ಮಕ್ಕಳ ಧಾರ್ಮಿಕ ಶಿಕ್ಷಣಕ್ಕೆ ಬಹಳ ಕಾಲ ದುಡಿದ ಮೇಲೆ ಅವರಿಗೆ ಹೊಳೆದದ್ದು, ಅಪ್ಪ-ಅಮ್ಮಂದಿರಿಗೇ ಏನೂ ಗೊತ್ತಿಲ್ಲದಿದ್ದರೆ ಮಕ್ಕಳ ಕ್ಲಾಸು ಎಷ್ಟು ನಡೆಸಿದರೂ ಅಷ್ಟೇ ಎಂದು. ಜೆರೂಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಹಿಂದೆ ಬಿದ್ದು ಪಠ್ಯ ಮಾಡಿಸಿದರು. 1986ರಲ್ಲಿ ಅವರ ಹೆಸರಿನ ವಯಸ್ಕರ ಶಾಲೆ ಶುರುವಾಯಿತು. ವಾರಕ್ಕೆ ಎರಡು ಗಂಟೆ, ವರ್ಷಕ್ಕೆ ಮೂವತ್ತು ವಾರ, ಎರಡು ವರ್ಷ. ಪರೀಕ್ಷೆಯಿಲ್ಲ, ಹೀಬ್ರೂ ಗೊತ್ತಿರಬೇಕಾಗಿಯೂ ಇಲ್ಲ. ಲೆಕ್ಕ ಹಾಕಿ, 120 ಗಂಟೆ.

ಈಗ ನಮ್ಮ ಲೆಕ್ಕ. ನಮ್ಮ ಸುತ್ತಮುತ್ತಲಿನ ಯಾವ ಕೂಟದ ಕಾರ್ಯಕ್ರಮವನ್ನಾದರೂ ನೆನಪಿಸಿಕೊಳ್ಳಿ, ಹೆಸರು ಬೇಡ. ನಾಲ್ಕು ಗಂಟೆಗೆ ಎಂದದ್ದು ಐದಕ್ಕೆ ಆರಂಭ. ಪ್ರಾರ್ಥನೆ, ದೀಪ ಬೆಳಗುವುದು, ಸ್ವಾಗತ, ಅಧ್ಯಕ್ಷರ ಎರಡು ಮಾತು, ಪ್ರಾಯೋಜಕರ ಎರಡು ಮಾತು, ಮಕ್ಕಳ ನೃತ್ಯ ಎಂಟು, ಅತಿಥಿಗಳ ಪರಿಚಯ ಹತ್ತು ನಿಮಿಷ (ಬಂದ ಪ್ರಶಸ್ತಿಗಳೆಲ್ಲ ಓದಿಯಾಗಬೇಕು), ಶಾಲು, ಪೇಟ, ಫಲತಾಂಬೂಲ, ಸ್ಮರಣಿಕೆ, ಫೋಟೋ. ಅಷ್ಟು ಹೊತ್ತಿಗೆ ಅಡುಗೆ ಮನೆಯಿಂದ ಬಿಸಿಬೇಳೆ ಭಾತಿನ ವಾಸನೆ. ಕಾರ್ಯದರ್ಶಿ ಒಂದು ಚೀಟಿ ಕಳಿಸುತ್ತಾರೆ. ಹದಿಮೂರು ಸಾವಿರ ಚಿಲ್ಲರೆ ಕಿಲೋಮೀಟರ್ ಹಾರಿ ಬಂದ ಮನುಷ್ಯ ಇಪ್ಪತ್ತೈದು ನಿಮಿಷ ಮಾತಾಡಿ ಕುಳಿತುಕೊಳ್ಳುತ್ತಾರೆ. “ಸಮಯದ ಅಭಾವದಿಂದ ಪ್ರಶ್ನೋತ್ತರ ಇರುವುದಿಲ್ಲ.” ವರ್ಷಕ್ಕೆ ಇಂಥವು ಎರಡು ಎಂದಿಟ್ಟುಕೊಂಡರೂ ಎರಡು ವರ್ಷಕ್ಕೆ ನೂರು ನಿಮಿಷ. ಮಿಷಿಗನ್ನಿನಲ್ಲಿ ವೈದ್ಯಕೀಯ ಲೈಸೆನ್ಸ್ ಉಳಿಸಿಕೊಳ್ಳಲು ನಾನು ಮೂರು ವರ್ಷಕ್ಕೆ 150 ಗಂಟೆ ಮುಂದುವರಿದ ಶಿಕ್ಷಣ ತೋರಿಸಬೇಕು. ಕನ್ನಡದ ಲೈಸೆನ್ಸನ್ನು ಯಾರೂ ಕೇಳುವುದಿಲ್ಲ, ನಮ್ಮ ಪುಣ್ಯ.

ಆ ಇಪ್ಪತ್ತೈದು ನಿಮಿಷದಲ್ಲಿ ಅತಿಥಿಗಳು ಹೇಳುವುದಾದರೂ ಏನು? ಮೂರು ವಾರದಲ್ಲಿ ಏಳೂರು ಸುತ್ತಿ, ನಯಾಗರ ನೋಡಿ, ನಿದ್ದೆ ಸರಿಯಾಗದೆ ಬಂದವರು. ಮುಂದೆ ಕುಳಿತವರು ಯಾರು, ಏನು ಓದಿದ್ದಾರೆ ಎಂದು ಅವರಿಗೆ ಯಾರೂ ಹೇಳಿಲ್ಲ. ಆದ್ದರಿಂದ ಸುರಕ್ಷಿತವಾದ ಮಾತು. “ಬೆಂಗಳೂರಿನಲ್ಲಿ ಕಾಣದ ಕನ್ನಡವನ್ನು ನಿಮ್ಮಲ್ಲಿ ಕಂಡೆ.” ಚಪ್ಪಾಳೆ! ಆಮೇಲೆ ಕವಿರಾಜಮಾರ್ಗ. ಕನ್ನಡ ನಾಡಿನ ಜನ ಓದದೆಯೂ ಕಾವ್ಯದಲ್ಲಿ ಪರಿಣತರು ಎಂದು ಒಂಬತ್ತನೆಯ ಶತಮಾನದಲ್ಲಿ ಕೊಟ್ಟ ಸರ್ಟಿಫಿಕೇಟನ್ನು ನಾವು ಇಂದಿಗೂ ರಜೆ ಚೀಟಿಯಂತೆ ಬಳಸುತ್ತಿದ್ದೇವೆ. ರೋಗಿಗೆ ಬೇಸರವಾಗಬಾರದೆಂದು “ನಿಮಗೇನೂ ಇಲ್ಲ, ಚೆನ್ನಾಗಿದ್ದೀರಿ” ಎಂದು ಹೇಳಿ ಕಳಿಸುವ ಡಾಕ್ಟರನ್ನು ನೀವು ಒಪ್ಪುತ್ತೀರಾ? ಅತಿಥಿಗಳನ್ನು ನಾನು ದೂರುತ್ತಿಲ್ಲ. ಹಾಗೆ ಮಾತಾಡುವಂತೆ ನಾವೇ ವೇದಿಕೆ ಕಟ್ಟಿದ್ದೇವೆ. ‘ಅಕ್ಕ’ ಸಮ್ಮೇಳನಗಳ ಮಾತು ಬೇರೆ. 2002ರಲ್ಲಿ ಡೆಟ್ರಾಯ್ಟಿನಲ್ಲಿ, 2008ರಲ್ಲಿ ಶಿಕಾಗೋದಲ್ಲಿ ನಡೆದದ್ದು ಜಾತ್ರೆ. ಜಾತ್ರೆಗೆ ಹೋಗಿ ಪಾಠ ಆಗಲಿಲ್ಲ ಎನ್ನುವುದು ತಪ್ಪು. ನಮ್ಮ ಚಿಕ್ಕ ಚಿಕ್ಕ ಕೂಟಗಳೂ ಜಾತ್ರೆಯನ್ನೇ ಅನುಕರಿಸುವುದು ನನಗೆ ಬೇಸರ.

ತಮಾಷೆಯೆಂದರೆ ನಿಜವಾದ ಉಪನ್ಯಾಸ ನಮ್ಮಲ್ಲಿಯೂ ನಡೆಯುತ್ತದೆ. ಕಾರ್ಯಕ್ರಮದ ಹಿಂದಿನ ರಾತ್ರಿ, ಅತಿಥಿ ಇಳಿದುಕೊಂಡ ಮನೆಯ ಬೇಸ್‌ಮೆಂಟಿನಲ್ಲಿ! ಎಂಟು ಹತ್ತು ಜನ, ಚಕ್ಕುಲಿ, ಕಾಫಿ. ಅಲ್ಲಿ ಅದೇ ಮನುಷ್ಯ ಬೇರೆಯೇ ಆಗಿರುತ್ತಾರೆ. ಒಂದು ಪದದ ಮೇಲೆ ಜಗಳ, ನಗು, “ಅದು ಹಾಗಲ್ಲ ಸಾರ್” ಎನ್ನುವ ಧೈರ್ಯ. ರಾತ್ರಿ ಒಂದು ಗಂಟೆಯಾದರೂ ಏಳಲು ಮನಸ್ಸಿಲ್ಲ. ಮಾರನೆಯ ದಿನ ಇನ್ನೂರು ಜನರ ಮುಂದೆ ಅವರಿಗೆ ಪೇಟ ತೊಡಿಸಿದೊಡನೆ ಆ ಮನುಷ್ಯ ಮಾಯ. ಸ್ಕಾಲರ್ ಇನ್ ರೆಸಿಡೆನ್ಸ್ ಎಂದರೆ ಈ ಬೇಸ್‌ಮೆಂಟನ್ನು ಬಾಗಿಲು ತೆಗೆದು ಎಲ್ಲರಿಗೂ ಬಿಟ್ಟಂತೆ, ಮುಂದೆ ಒಂದು ಹಾಳೆ ಇಟ್ಟಂತೆ. ಈಗ ಅದು ಆತಿಥೇಯರ ಸ್ನೇಹಿತರಿಗೆ ಮಾತ್ರ ಸಿಗುವ ಭಾಗ್ಯ. ಹೊಸದಾಗಿ ಬಂದ ಕುಟುಂಬಕ್ಕೂ, ಕಾರು ಓಡಿಸಲಾಗದ ಹಿರಿಯರಿಗೂ ಅಲ್ಲಿಗೆ ಕರೆಯಿಲ್ಲ.

ಆಕ್ಷೇಪಣೆಗಳು ನನಗೆ ಗೊತ್ತು. ಅವರಿಗೆ ಸ್ವಂತ ಕಟ್ಟಡವಿದೆ, ಸದಸ್ಯತ್ವದ ಹಣ ಹೆಚ್ಚು, ಓದುವುದೇ ಅವರಿಗೆ ಧರ್ಮದ ಆಜ್ಞೆ. ಮೇಲಾಗಿ ಆನ್ ಆರ್ಬರಿನಲ್ಲಿ ವಿಶ್ವವಿದ್ಯಾಲಯದ ಫ್ರಾಂಕೆಲ್ ಕೇಂದ್ರವೇ ಇದೆ, 2007ರಿಂದ ಅಲ್ಲಿನ ಸಂಸ್ಥೆಗೆ ಪ್ರತಿ ವರ್ಷ ಹೊರಗಿನ ವಿದ್ವಾಂಸರ ಒಂದು ತಂಡ ಬಂದು ಕೂರುತ್ತದೆ. ನಮಗೆ ಆ ಯಾವುದೂ ಇಲ್ಲ, ನಿಜ. ಅವರದ್ದೆಲ್ಲ ಬಂಗಾರವೂ ಅಲ್ಲ. ಅದೇ ನಾಲ್ಕು ಉಪನ್ಯಾಸವನ್ನು ಊರೂರಿಗೆ ಹೊತ್ತೊಯ್ಯುವ ವಿದ್ವಾಂಸರು ಅಲ್ಲಿಯೂ ಇದ್ದಾರೆ. ನನ್ನ ಸಹೋದ್ಯೋಗಿಯೇ ಗೊಣಗುವಂತೆ, ಬರುವವರೂ ಅವೇ ಮುಖಗಳು, ಬಹುಪಾಲು ತಲೆ ನೆರೆತವರು. ಮಧ್ಯವಯಸ್ಸಿನವರು ಶನಿವಾರ ಮಕ್ಕಳ ಸಾಕರ್ ಮೈದಾನದಲ್ಲಿರುತ್ತಾರೆ. ಹೊಸ ವಿಚಾರಕ್ಕಿಂತ ರಂಜನೆಯನ್ನು ಬಯಸಿ ಹೆಸರುವಾಸಿಗಳನ್ನೇ ಕರೆಸುವ ಚಟವೂ ಇದೆ.

ಇವೆಲ್ಲಕ್ಕಿಂತ ಗಟ್ಟಿಯಾದ ಕಷ್ಟ ಇನ್ನೊಂದು. ಅವರಿಗೆ ತೋರಾ ಇದೆ. ನಮಗೆ ಎಲ್ಲರೂ ಒಪ್ಪುವ ಒಂದು ಗ್ರಂಥ ಎಲ್ಲಿದೆ? ವಚನ ತೆಗೆದರೆ ಅದು ಒಂದು ಧರ್ಮದ್ದು ಎನ್ನುವವರಿದ್ದಾರೆ, ಕುಮಾರವ್ಯಾಸ ಎಂದರೆ ಇನ್ನೊಬ್ಬರ ಹುಬ್ಬು ಮೇಲೇರುತ್ತದೆ. ಪಂಪ ಎಂದರೆ ಹಳಗನ್ನಡ, ಎಲ್ಲರೂ ಓಟ. ನಮ್ಮ ಕೂಟಗಳು ಜಗಳಕ್ಕೆ ಹೆದರಿಯೇ ಪಠ್ಯವನ್ನು ಬಿಟ್ಟು ಶಾಲಿಗೆ ಶರಣಾಗಿವೆ ಎಂದು ನನ್ನ ಅನುಮಾನ. ಆದರೆ ಕನ್ನಡ ಸಾಹಿತ್ಯ ಜೈನರಿಂದ, ಶರಣರಿಂದ, ದಾಸರಿಂದ, ನಿಸಾರ್ ಅಹಮದರಿಂದ, ಎಲ್ಲರಿಂದ ಬಂದದ್ದು. ಒಬ್ಬರ ಪಠ್ಯವನ್ನು ಇನ್ನೊಬ್ಬರು ಕುಳಿತು ಓದುವುದೇ ಇಲ್ಲಿ ಮಾಡಬೇಕಾದ ಕೆಲಸ.

ಒಂದು ಹಾಳೆಯಿಂದ ಏನಾಗುತ್ತದೆ ಎಂದು ಕೇಳುವವರಿಗೆ ಒಂದು ಉದಾಹರಣೆ. ಇಲ್ಲಿಂದ ನಾಲ್ಕು ಗಂಟೆ ದೂರದ ಶಿಕಾಗೋದಲ್ಲಿ ಎ.ಕೆ. ರಾಮಾನುಜನ್ 1962ರಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಇದ್ದರು, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದರು. ಮೈಸೂರಿನವರು, ಮನೆ ಮಾತು ತಮಿಳು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕವಿ. 1973ರಲ್ಲಿ ಬಂದ ಅವರ ‘ಸ್ಪೀಕಿಂಗ್ ಆಫ್ ಶಿವ’ದಲ್ಲಿ ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮರ ವಚನಗಳ ಇಂಗ್ಲಿಷ್ ಇದೆ. ಧನಿಕರು ಕಟ್ಟುವ ಗುಡಿಯನ್ನೂ ಬಡವನ ಮೈಯನ್ನೂ ಎದುರುಬದುರಿಡುವ ಬಸವಣ್ಣನವರ ವಚನ ನಿಮಗೆಲ್ಲ ಗೊತ್ತಲ್ಲ, ಹಾಳೆಯ ಒಂದು ಕಡೆ ಅದು, ಇನ್ನೊಂದು ಕಡೆ ರಾಮಾನುಜನ್ನರ ಇಂಗ್ಲಿಷ್ ಇಡಿ. ಅಪ್ಪ-ಅಮ್ಮನಿಗೆ ಮೂಲ ಬಾಯಿಪಾಠ, ಕಾಲೇಜಿಗೆ ಹೋಗುವ ಮಗಳಿಗೆ ಅನುವಾದ ಸಲೀಸು. ಸ್ಥಾವರ, ಜಂಗಮ ಎಂಬ ಎರಡು ಪದಗಳಿಗೆ ರಾಮಾನುಜನ್ ನಿಲ್ಲುವುದು, ಚಲಿಸುವುದು ಎಂಬರ್ಥದ ಸಾದಾ ಇಂಗ್ಲಿಷ್ ಮಾತುಗಳನ್ನು ಹಾಕಿದ್ದಾರೆ. ಮಗಳು “ಇಷ್ಟು ಸಿಂಪಲ್ಲಾ?” ಎನ್ನುತ್ತಾಳೆ. ಲಿಂಗಾಯತ ಮನೆಯಿಂದ ಬಂದ ಅಜ್ಜಿಯೊಬ್ಬರು, “ಜಂಗಮ ಅಂದರೆ ಬರೀ ಓಡಾಡುವುದಲ್ಲ ತಾಯಿ, ಮನೆಗೆ ಬರುವ ಗುರು, ಅವರ ಪಾದಕ್ಕೆ ನೀರು ಹಾಕುತ್ತಿದ್ದೆವು” ಎನ್ನುತ್ತಾರೆ. ಆ ಅರ್ಥ ಇಂಗ್ಲಿಷಿನಲ್ಲಿ ಉಳಿಯಿತೇ, ಕಳೆಯಿತೇ? ರಾಮಾನುಜನ್ ತಮ್ಮ ಮುನ್ನುಡಿಯಲ್ಲಿ ಈ ಪದಗಳನ್ನು ಬಿಡಿಸಿ ವಿವರಿಸಿದ್ದಾರೆ. ಅವರ ವಚನಾನುವಾದದ ಕ್ರಮವನ್ನೇ ತೇಜಸ್ವಿನಿ ನಿರಂಜನ 1992ರ ತಮ್ಮ ಪುಸ್ತಕದಲ್ಲಿ ಖಂಡಿಸಿದ್ದಾರೆ. ಒಂದು ಗಂಟೆ ಎಲ್ಲಿ ಹೋಯಿತು ಎಂದು ತಿಳಿಯುವುದಿಲ್ಲ. ಇದಕ್ಕೆ ಪಂಡಿತರು ಬೇಕಾಗಿಲ್ಲ. ಪಂಡಿತರು ಬಂದಾಗ ಕೇಳಲು ನಮ್ಮ ಬಳಿ ಪ್ರಶ್ನೆ ಇರುತ್ತದೆ, ಅಷ್ಟೆ.

ಆ ಅಜ್ಜಿಯ ಮಾತೇ ನನ್ನ ಅವಸರಕ್ಕೆ ಕಾರಣ. ಎಪ್ಪತ್ತರ ದಶಕದಲ್ಲಿ ಇಲ್ಲಿಗೆ ಬಂದ ನಮ್ಮ ಹಿರಿಯರು ಈಗ ಎಪ್ಪತ್ತೈದು, ಎಂಬತ್ತು ದಾಟಿದ್ದಾರೆ. ಹಳ್ಳಿಯ ಜಗಲಿಯಲ್ಲಿ ಭಾರತ ವಾಚನ ಕೇಳಿದವರು ಅವರಲ್ಲಿದ್ದಾರೆ. ಅವರಿಗೆ ಗೊತ್ತಿರುವ ಪದಗಳು ಯಾವ ನಿಘಂಟಿನಲ್ಲಿ ಸಿಕ್ಕರೂ ಆ ನೀರು ಹಾಕಿದ ನೆನಪು ಸಿಗುವುದಿಲ್ಲ. ಮಕ್ಕಳ ಕನ್ನಡ ಕಲಿ ತರಗತಿಗೆ ನಾವು ತಪ್ಪದೆ ಕಾರು ಓಡಿಸುತ್ತೇವೆ, ಮಕ್ಕಳು ಒಳಗೆ ಅ ಆ ಇ ಈ ತಿದ್ದುವಾಗ ಹೊರಗೆ ಕಾರಿನಲ್ಲಿ ಕುಳಿತು ಫೋನ್ ನೋಡುತ್ತೇವೆ. ಫ್ಲಾರೆನ್ಸ್ ಮೆಲ್ಟನ್ ಕಂಡದ್ದೂ ಇದನ್ನೇ ಅಲ್ಲವೇ? ಅಪ್ಪ ಓದದ ಪುಸ್ತಕವನ್ನು ಮಗ ಏಕೆ ಓದಬೇಕು?

ಹಾಗೆ ನೋಡಿದರೆ ಯಹೂದಿಗಳಿಂದ ತರಬೇಕಾದದ್ದೇನೂ ಇಲ್ಲ, ನಮ್ಮ ಗಮಕವನ್ನೇ ನೋಡಿ. ಒಬ್ಬರು ರಾಗವಾಗಿ ಓದುತ್ತಾರೆ, ಪಕ್ಕದಲ್ಲಿ ಕುಳಿತ ಇನ್ನೊಬ್ಬರು ನಿಲ್ಲಿಸಿ ನಿಲ್ಲಿಸಿ ಅರ್ಥ ಹೇಳುತ್ತಾರೆ. ವಾಚನ, ವ್ಯಾಖ್ಯಾನ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯಲ್ಲಿ ಇದು ಊರಿನ ವಿದ್ಯೆಯೇ ಆಗಿದೆ, ಅಲ್ಲಿನ ಎಚ್.ಆರ್. ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಬಂತು. ಇಲ್ಲಿಯೂ ಒಳ್ಳೆಯ ಮಾದರಿಗಳಿವೆ. ಕನ್ನಡ ಸಾಹಿತ್ಯ ರಂಗದವರು 2004ರಲ್ಲಿ ಫಿಲಡೆಲ್ಫಿಯಾದಲ್ಲಿ ಮೊದಲ ವಸಂತ ಸಾಹಿತ್ಯೋತ್ಸವ ಮಾಡಿದಾಗಿನಿಂದ ಉತ್ಸವಕ್ಕೆಂದು ಇಲ್ಲಿನವರಿಂದಲೇ ಬರೆಸಿ ಪುಸ್ತಕ ತರುತ್ತಾ ಬಂದರು. ಅತಿಥಿ ಬರುವ ಮುಂಚೆ ಒಂದಷ್ಟು ಜನ ಒಂದು ವಿಷಯವನ್ನು ಓದಿ ಬರೆದಿರುತ್ತಾರೆ. ವ್ಯತ್ಯಾಸ ಅಲ್ಲೇ ಕಾಣುತ್ತದೆ. ಪ್ರತಿ ಕೂಟವೂ ಪುಸ್ತಕ ತರಲಾರದು. ಹಾಳೆ ತರಬಹುದು, ಈ ಪತ್ರಿಕೆಯನ್ನು ಝೆರಾಕ್ಸ್ ಮಾಡುವ ಯಂತ್ರವೇ ಸಾಕು.

ಕಾರ್ಯಕಾರಿ ಸಮಿತಿಯ ಮುಂದೆ ನನ್ನ ಬೇಡಿಕೆ ಇಷ್ಟು. ಈ ವರ್ಷದ ಅತಿಥಿಗಳಿಗೆ ಪತ್ರ ಬರೆಯುವಾಗ ಭಾಷಣದ ವಿಷಯ ಕೇಳುವ ಬದಲು ಒಂದು ಪುಟ ಪಠ್ಯ ಕೇಳಿ. ಮೂರು ವಾರ ಮೊದಲು ಅದನ್ನು ಎಲ್ಲ ಮನೆಗಳಿಗೂ ಕಳಿಸಿ. ಅವರು ಬರುವ ಮುಂಚೆ ಎರಡು ಸಲ ಲೈಬ್ರರಿಯ ಒಂದು ಕೊಠಡಿಯಲ್ಲಿ ಹತ್ತು ಜನ ಕುಳಿತು ಓದೋಣ. ಅತಿಥಿಗಳನ್ನು ಏಳೂರಿಗೆ ಓಡಿಸದೆ ಶುಕ್ರವಾರದಿಂದ ಭಾನುವಾರದವರೆಗೆ ಇಲ್ಲೇ ಉಳಿಸಿಕೊಳ್ಳಿ. ಶನಿವಾರ ಸಂಜೆಯ ಸಭೆ, ಮಕ್ಕಳ ನೃತ್ಯ, ಶಾಲು ಎಲ್ಲ ಇರಲಿ, ಭಾನುವಾರ ಬೆಳಿಗ್ಗೆ ಎರಡು ಗಂಟೆ ಮಾತ್ರ ಮೈಕು, ವೇದಿಕೆ, ಪೇಟ ಇಲ್ಲದೆ ಮೇಜಿನ ಸುತ್ತ ಬಿಡಿ. ಕಾರು ಓಡಿಸಲಾಗದ ಹಿರಿಯರನ್ನು ಕರೆತರಲು ನಾಲ್ಕು ಜನ ಹೆಸರು ಕೊಟ್ಟರೆ ಸಾಕು. ನನ್ನ ಹೆಸರನ್ನು ಈಗಲೇ ಬರೆದುಕೊಳ್ಳಿ, ಆ ವಾರ ನನಗೆ ಕಾಲ್ ಡ್ಯೂಟಿ ಇಲ್ಲದಿದ್ದರೆ. ತಿಂಡಿಗೆ ಉಪ್ಪಿಟ್ಟು ಸಾಕು. ಚಿರೋಟಿ ಮಾಡಿದರೆ ಪಾಠ ಯಾರೂ ಕೇಳುವುದಿಲ್ಲ.